ಮೆಟ್ಟಿಯ ಎರಡು ಗಂಟು

ಭೂಮಿಯ ಮೈ ಇನ್ನೂ ಆರಿರಲಿಲ್ಲ. ಬೆಟ್ಟಗಳಿಗೆ ಒಂದೇ ಕಡೆ ಕೂತು ಅಭ್ಯಾಸವಾಗಿರಲಿಲ್ಲ. ಚಂದ್ರ ಯಾವ ದಿಕ್ಕಿನಿಂದ ಹುಟ್ಟಬೇಕು ಅನ್ನೋದನ್ನ ದಿನಾ ಮರೆತು, ದಿನಾ ಗಾಳಿಯನ್ನು ಕೇಳಿಕೊಂಡು ಬರುತ್ತಿದ್ದ. ಅಷ್ಟು ಹಳೇ ಕಾಲ. ಆಗ ಒಂದು ಕೆರೆ ಇತ್ತು.

ಕೆರೆಯಲ್ಲಿ ಮೀನಿರಲಿಲ್ಲ, ಕಪ್ಪೆ ಇರಲಿಲ್ಲ. ಅವಕ್ಕೆಲ್ಲ ಇನ್ನೂ ಸರದಿ ಬಂದಿರಲಿಲ್ಲ. ಇದ್ದವರೆಲ್ಲ ಒಂಟಿಕೋಣೆಯವರು. ಅಂದರೆ ಒಬ್ಬೊಬ್ಬರ ಮೈಯೇ ಒಂದೊಂದು ಕೋಣೆ. ಬಾಯಿ, ಹೊಟ್ಟೆ, ಮನೆ, ಅಂಗಳ ಎಲ್ಲಾ ಆ ಒಂದು ಕೋಣೆಯೊಳಗೇ. ನೆಂಟರನ್ನು ಒಳಗೆ ಕರೆಯುವ ಹಾಗಿರಲಿಲ್ಲ. ಒಳಗೆ ಬಂದ ನೆಂಟರು ಊಟವಾಗಿಬಿಡುತ್ತಿದ್ದರು.

ಆ ಕೆರೆಯಲ್ಲಿ ಮೆಟ್ಟಿ ಅಂತ ಒಬ್ಬಳಿದ್ದಳು. ಸವೆದ ಮೆಟ್ಟಿನ ಹಾಗೆ ಉದ್ದಕ್ಕೆ, ನಡುವೆ ಸ್ವಲ್ಪ ತಗ್ಗಾಗಿ ಇದ್ದಳು. ಮೆಟ್ಟು ಅಂದರೆ ಚಪ್ಪಲಿ. ಮೆಟ್ಟುವ ಕಾಲೇ ಹುಟ್ಟದ ಕಾಲದಲ್ಲಿ ಚಪ್ಪಲಿ ಹುಟ್ಟಿತ್ತು ನೋಡಿ! ಮೆಟ್ಟಿಗೆ ಮೈತುಂಬ ಸಣ್ಣ ಸಣ್ಣ ಕೂದಲು. ಆ ಕೂದಲನ್ನೇ ಬೀಸಿಕೊಂಡು ತಿರುಗುತ್ತಾ ತಿರುಗುತ್ತಾ ಈಜುವಳು. ಎದುರಿಗೆ ಏನಾದರೂ ಬಂದರೆ ಡಿಕ್ಕಿ ಹೊಡೆಯುವಳು, ಒಂದು ಹೆಜ್ಜೆಯಷ್ಟು ಹಿಂದೆ ಸರಿಯುವಳು, ಮೂತಿ ತಿರುಗಿಸಿ ಮುಂದೆ ಹೋಗುವಳು. ತಪ್ಪಾಯ್ತು ಅನ್ನುವ ಮಾತು ಅವಳ ಬಾಯಲ್ಲಿ ಯಾರೂ ಕೇಳಿದ್ದಿಲ್ಲ.

ಕೆರೆಯಮ್ಮ ತನ್ನ ಮಕ್ಕಳಿಗೆಲ್ಲ ಒಂದೊಂದು ನೂಲು ಕೊಟ್ಟಿದ್ದಳು. ನೂಲಿನ ಉದ್ದಕ್ಕೂ ಸಣ್ಣ ಸಣ್ಣ ಗುರುತಿನಲ್ಲಿ ಎಲ್ಲಾ ವಿದ್ಯೆಯನ್ನೂ ಬರೆದಿದ್ದಳು. ಈಜುವುದು ಹೇಗೆ, ನುಂಗುವುದು ಹೇಗೆ, ಮೈಯೊಳಗೆ ನೀರು ಜಾಸ್ತಿಯಾದರೆ ಹೊರಗೆ ಚೆಲ್ಲುವುದು ಹೇಗೆ, ಎಲ್ಲಾ. ಆದರೆ ನೂಲುವಾಗ ಕೆರೆಯಮ್ಮನಿಗೆ ಗುನುಗುವ ಅಭ್ಯಾಸ. 'ಹ್ಞೂಂ ಹ್ಞೂಂ, ಲಾಲಿ ಲಾಲಿ' ಅಂತ ಅವಳು ಗುನುಗಿದ್ದೂ ನೂಲಿನೊಳಗೆ ಸೇರಿಹೋಗಿತ್ತು. ಒಂದು ಮಾತು ವಿದ್ಯೆ, ಹತ್ತು ಮಾತು ಲಾಲಿ. ಮತ್ತೆ ಒಂದು ವಿದ್ಯೆ, ಮತ್ತೆ ಲಾಲಿ.

ಅಷ್ಟುದ್ದದ ನೂಲು! ಎಳೆದು ಹಿಡಿದರೆ ಮೆಟ್ಟಿಯಂಥವರನ್ನು ಸಾಲಾಗಿ ನೂರಾರು ಜನ ಮಲಗಿಸಬಹುದು. ಅದನ್ನು ಒಂದು ಕೋಣೆಯಲ್ಲಿ ಇಡುವುದು ಹೇಗೆ? ಒಂಟಿಕೋಣೆಯವರಲ್ಲೇ ಕಡ್ಡಿಯಂಥ ಮೈಯಿದ್ದ ಕಡ್ಡಿ ಜನ ತಲೆಕೆಡಿಸಿಕೊಳ್ಳಲಿಲ್ಲ. ಎರಡು ತುದಿ ಸೇರಿಸಿ ಬಳೆಯ ಹಾಗೆ ಕಟ್ಟಿ, ಸುರುಳಿ ಸುತ್ತಿ ಅಂಗಳದ ನಡುವೆ ಬಿಸಾಕಿಕೊಂಡರು. ಉಳಿದವರು ಸ್ವಲ್ಪ ಅಚ್ಚುಕಟ್ಟು. ನೂಲು ಸುತ್ತಿಡುವ ಪುಟ್ಟ ಪುಟ್ಟ ಕಂಡಿಕೆ ಮಾಡಿ, ಒಂದೊಂದಕ್ಕೂ ಎರಡು ಸುತ್ತು ಹಾಕಿ, ಕಂಡಿಕೆಗಳನ್ನೆಲ್ಲ ಒತ್ತೊತ್ತಾಗಿ ಜೋಡಿಸಿ ಗಂಟು ಕಟ್ಟಿ ಕೋಣೆಯ ನಡುವೆ ಇಟ್ಟುಕೊಂಡರು.

ಆ ಗಂಟಿನ ಮೇಲೆ ಅಧಿಕಾರ ಮಾತ್ರ ಅಮೀಬಯ್ಯನದು.

ಅಮೀಬಯ್ಯ ಕೆರೆಗೆಲ್ಲ ಯಜಮಾನ, ಎಲ್ಲರಿಗೂ ದೊಡ್ಡಪ್ಪ. ಅವನಿಗೆ ಒಂದು ಆಕಾರ ಅಂತಿರಲಿಲ್ಲ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಮುದ್ದೆ, ಸಂಜೆ ಚೆಲ್ಲಿದ ಸಾರು. ಕಾಲೂ ಅಷ್ಟೇ, ಬೇಕಾದಾಗ ಚಾಚುವುದು, ಬೇಡವಾದಾಗ ಒಳಗೆಳೆದುಕೊಳ್ಳುವುದು. ಇಂಥವನು ಊರಿಗೆಲ್ಲ ನಿಯಮ ಮಾಡಿದ್ದ. ಒಬ್ಬರಿಗೆ ಒಂದೇ ನೂಲು, ಒಂದೇ ಗಂಟು. ನೂಲನ್ನು ಯಾರೂ ಕತ್ತರಿಸಕೂಡದು. ಏಳು ಬಿಸಿಲಿಗೊಮ್ಮೆ ಎಲ್ಲರೂ ಅಳತೆಗಲ್ಲಿನ ಮೇಲೆ ಬಂದು, ಗಂಟು ಬಿಚ್ಚಿ, ನೂಲನ್ನು ಈ ತುದಿಯಿಂದ ಆ ತುದಿಗೆ ಚಾಚಿ ತೋರಿಸಬೇಕು. ಕತ್ತರಿಸಿದವರು ಸಿಕ್ಕಿಬಿದ್ದರೆ ದಂಡೆಯ ಒಣ ಮಣ್ಣಿಗೆ ನೂಕುವುದೇ.

"ದೊಡ್ಡಪ್ಪ, ಇವತ್ತು ನಿಮಗೆ ಎಷ್ಟು ಕಾಲು?" ಅಂತ ಮೆಟ್ಟಿ ದಿನಾ ಕೇಳುವಳು.

"ನಾಲ್ಕು. ಯಾಕೆ?"

"ಎಣಿಸೋ ಅಷ್ಟರಲ್ಲಿ ಆರಾಯ್ತಲ್ಲ. ನಿಮಗೊಂದು ನಿಯಮ ಬೇಡ್ವಾ?"

"ಹೋಗೇ ಅಧಿಕಪ್ರಸಂಗಿ!"

ಮೆಟ್ಟಿ ಹೋಗುವಳು. ನಾಳೆ ಮತ್ತೆ ಬರುವಳು.

ಒಂದು ಬೆಳಿಗ್ಗೆ ಮೆಟ್ಟಿ ಇಬ್ಬಾಗವಾದಳು. ಒಂಟಿಕೋಣೆಯವರಲ್ಲಿ ಮಗು ಹುಟ್ಟುವುದಿಲ್ಲ. ನೂಲಿಗೊಂದು ನಕಲು ಮಾಡಿಕೊಂಡು, ನಡು ಬಿಗಿದುಕೊಂಡು, ಒಬ್ಬಳು ಇಬ್ಬರಾಗುವುದು. ಹಳೇ ಹೆಸರು ಮುಂದಿನ ಅರ್ಧಕ್ಕೆ, ಹೊಸ ಹೆಸರು ಹಿಂದಿನ ಅರ್ಧಕ್ಕೆ. ಅದು ಪದ್ಧತಿ. ಹಿಂದಿನ ಅರ್ಧಕ್ಕೆ ಚಿಟ್ಟಿ ಅಂತ ಹೆಸರಾಯಿತು. ಹೆಸರು ಬಿದ್ದ ಕೂಡಲೇ ಜಗಳ.

"ನಾನು ಮುಂದಿದ್ದೆ. ನಾನೇ ಅಕ್ಕ," ಅಂದಳು ಮೆಟ್ಟಿ.

"ಹೋಗೇ. ಹಿಂದಿನಿಂದ ನಾನು ತಳ್ಳದಿದ್ರೆ ನೀನು ಬಿಡಿಸಿಕೊಳ್ತಾನೇ ಇರಲಿಲ್ಲ. ನಾನೇ ಅಕ್ಕ."

"ಅಕ್ಕ ಅನ್ನು, ಪಾಚಿ ಕೊಡ್ತೀನಿ."

"ಪಾಚಿ ನಿನ್ನ ಬಾಯಿಗೇ ತುರುಕ್ಕೋ."

ಹೀಗೆ ಜಗಳವಾಡುತ್ತಾ ಇಬ್ಬರೂ ಜೊತೆಜೊತೆಯಾಗಿ ಈಜುತ್ತಿದ್ದರು. ಆಗ ಪೀಪಾಯಿ ಬಂದ.

ಪೀಪಾಯಿ ಅಂದರೆ ಹೆಸರಿಗೆ ತಕ್ಕ ಹಾಗೆ ಗುಂಡಗೆ ಪೀಪಾಯಿಯೇ. ಮುಂದುಗಡೆ ಒಂದು ಚೂಪು ಮೂತಿ. ಅವನು ತಿನ್ನುತ್ತಿದ್ದದ್ದು ಚಪ್ಪಲಿ ಕುಲದವರನ್ನು ಮಾತ್ರ. ಬೇರೆ ಯಾರನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಅವನ ವಿಷಯದಲ್ಲಿ ಬೇರೆ ಯಾರಿಗೂ ಅವಸರವೂ ಇರಲಿಲ್ಲ.

ಚಪ್ಪಲಿ ಕುಲದವರ ಚರ್ಮದೊಳಗೆ ಸಾಲುಸಾಲು ಮುಳ್ಳುಗಳಿವೆ. ಅವನ್ನು ಸಿಡಿಸಿದರೆ ಪೀಪಾಯಿ ಓಡಬೇಕು. ಆದರೆ ಸಿಡಿಸುವ ವಿದ್ಯೆ ಇರುವುದು ನೂಲಿನ ನಡುವೆ ಎಲ್ಲೋ. ಗಂಟು ಸಡಿಲಿಸಬೇಕು, ಕಂಡಿಕೆ ಬಿಚ್ಚಬೇಕು, ಲಾಲಿ ದಾಟಬೇಕು, ಹುಡುಕಬೇಕು.

ಚಿಟ್ಟಿ ಅವಸರ ಅವಸರವಾಗಿ ಬಿಚ್ಚತೊಡಗಿದಳು. "ಹ್ಞೂಂ ಹ್ಞೂಂ... ನೀರು ಚೆಲ್ಲುವುದು... ಲಾಲಿ ಲಾಲಿ... ಲಾಲಿ..."

"ಬೇಗ ಕಣೇ!" ಮೆಟ್ಟಿ ಕೂಗಿದಳು. ಅವಳ ಕೈಯಲ್ಲೂ ಲಾಲಿಯೇ.

"ತಾಳು ಅಕ್ಕ, ಸಿಕ್ತು, ಸಿಕ್..."

ಪೀಪಾಯಿ ಮೂತಿ ಚುಚ್ಚಿದ, ಬಾಯಿ ಅಗಲಿಸಿದ, ಚಿಟ್ಟಿಯನ್ನು ಇಡಿಯಾಗಿ ನುಂಗಿದ. ಹೊಟ್ಟೆ ತುಂಬಿದ್ದರಿಂದ ಮೆಟ್ಟಿಯ ಕಡೆ ನೋಡದೆ ಹೋದ.

ಚಿಟ್ಟಿ ಅಕ್ಕ ಅಂದಿದ್ದಳು. ಜಗಳದಲ್ಲಿ ಗೆದ್ದ ಮೆಟ್ಟಿ ಕೆರೆಯ ತಳದಲ್ಲಿ ಕೂದಲು ಅಲ್ಲಾಡಿಸದೆ ಬಿದ್ದುಕೊಂಡಳು. ಆಮೇಲೆ ಎದ್ದು ನೇರವಾಗಿ ಅಮೀಬಯ್ಯನ ಹತ್ತಿರ ಹೋದಳು. ಡಿಕ್ಕಿ ಹೊಡೆದಳು. ಈ ಸಲ ಹಿಂದೆ ಸರಿಯಲಿಲ್ಲ.

"ದೊಡ್ಡಪ್ಪ, ನೂಲು ಉದ್ದವಾಯ್ತು. ಹುಡುಕೋ ಅಷ್ಟರಲ್ಲಿ ನಾವು ಸಾಯ್ತಿದ್ದೀವಿ. ಬೇಕಾದ್ದು ಕತ್ತರಿಸಿಕೊಳ್ಳೋಕೆ ಬಿಡಿ."

"ಛೀ! ಕತ್ತರಿಸೋದಾ? ಕೆರೆಯಮ್ಮನ ಹಾಡಿದೆ ಅದರಲ್ಲಿ. ಚಿಟ್ಟಿ ಒಳ್ಳೇ ಹುಡುಗಿ. ಕೊನೇತನಕ ಅವಳ ನೂಲು ಇಡಿಯಾಗಿತ್ತು."

"ಹೌದು. ನೂಲೂ ಇಡೀ, ಅವಳೂ ಇಡೀ. ಪೀಪಾಯಿಗೆ ಅಗಿಯೋ ಕಷ್ಟವೂ ಇರಲಿಲ್ಲ."

"ನಿಯಮ ನಿಯಮವೇ, ಮೆಟ್ಟಿ."

"ಅವನು ನಿಮ್ಮ ಕುಲದವರನ್ನ ತಿಂದಿದ್ರೆ ನಿಯಮಕ್ಕೂ ಆರು ಕಾಲು ಬರ್ತಿತ್ತು, ದೊಡ್ಡಪ್ಪ."

ಅಷ್ಟು ಹೇಳಿ ಹೊರಟಳು. ಹೋಗಿ ಯಾರೂ ಮಾಡದ ಒಂದು ತರಲೆ ಮಾಡಿದಳು.

ಇಬ್ಬಾಗವಾಗುವ ದಿನ ಬಂದ ಹಾಗೆ ನಟಿಸಿದಳು. ನಡು ಹಿಡಿದುಕೊಂಡು, "ಅಯ್ಯೋ, ಬಿಗೀತಿದೆ, ಬಿಗೀತಿದೆ," ಅಂತ ನರಳಿದಳು. ಪಾಪ ಅಂತ ಎಲ್ಲರೂ ದೂರ ಸರಿದು ಜಾಗ ಬಿಟ್ಟರು. ಮೆಟ್ಟಿ ನೂಲಿಗೆ ನಕಲು ಮಾಡಿಕೊಂಡಳು. ಆಮೇಲೆ? ಆಮೇಲೆ ಇಬ್ಬಾಗವಾಗಲೇ ಇಲ್ಲ! ನಕಲೂ ಒಳಗೆ, ಅಸಲೂ ಒಳಗೆ. ಒಬ್ಬಳಿಗೆ ಎರಡು ನೂಲು.

ಒಂದು ನೂಲನ್ನು ಕಂಡಿಕೆಗೆ ಬಿಗಿಯಾಗಿ ಸುತ್ತಿ, ಅದುಮಿ ಅದುಮಿ ಚುಕ್ಕೆಯಷ್ಟು ಸಣ್ಣ ಗಂಟು ಕಟ್ಟಿ ಮೂಲೆಯಲ್ಲಿ ಇಟ್ಟಳು. ಇನ್ನೊಂದನ್ನು ಎತ್ತಿಕೊಂಡು ಗಾಜಕ್ಕನ ಮನೆಗೆ ಹೋದಳು.

ಗಾಜಕ್ಕ ಗಾಜಿನ ಪೆಟ್ಟಿಗೆಯೊಳಗೆ ವಾಸ ಮಾಡುವವಳು. ಮುಚ್ಚಳವೂ ಗಾಜು, ತಳವೂ ಗಾಜು.

"ಅಕ್ಕ, ನಿನ್ನ ಹಳೇ ಪೆಟ್ಟಿಗೆಯ ಚೂರು ಇದ್ರೆ ಒಂದು ಕೊಡು. ಅಂಚು ಹರಿತವಾಗಿರಬೇಕು."

"ಯಾತಕ್ಕೇ?"

"ನೂಲು ಕತ್ತರಿಸೋಕೆ."

ಗಾಜಕ್ಕನ ಮುಚ್ಚಳ ಗಡಗಡ ಅಂದಿತು. "ಒಣ ಮಣ್ಣಿಗೆ ನೂಕ್ತಾರೆ ಕಣೇ! ಒಣ ಮಣ್ಣಲ್ಲಿ ನೀನು ಎಷ್ಟು ಹೊತ್ತು ಇರ್ತೀಯಾ?"

"ಪೀಪಾಯಿ ಹೊಟ್ಟೇಲಿ ಎಷ್ಟು ಹೊತ್ತು ಇರ್ತೀನೋ ಅದಕ್ಕಿಂತ ಜಾಸ್ತಿನೇ."

ಗಾಜಕ್ಕ ಚೂರು ಕೊಟ್ಟಳು. "ನಾನು ಕೊಟ್ಟೆ ಅನ್ನಬೇಡ," ಅಂದಳು. "ನನ್ನ ಪೆಟ್ಟಿಗೆ ಗಾಜಿನದು. ನನ್ನ ಹತ್ತಿರ ಏನೂ ಮುಚ್ಚಿಡೋಕಾಗಲ್ಲ."

ಮೆಟ್ಟಿ ಕೂತು ಕತ್ತರಿಸಿದಳು. ಕಚ್! ಈಜುವ ವಿದ್ಯೆ ಒಂದು ತುಂಡು. ಕಚ್! ನುಂಗುವ ವಿದ್ಯೆ ಒಂದು ತುಂಡು. ಕಚ್! ಮುಳ್ಳು ಸಿಡಿಸುವ ವಿದ್ಯೆ ಒಂದು ತುಂಡು. ನಡುವಿನ ಹ್ಞೂಂ ಹ್ಞೂಂ ಎಲ್ಲ ತೆಗೆದು ನೀರಿಗೆ ಬಿಟ್ಟಳು. ಆಮೇಲೆ ಒಂದೊಂದು ತುಂಡಿಗೂ ನಕಲು, ನಕಲಿಗೆ ನಕಲು, ಒಂದೊಂದೂ ಎಂಟುನೂರು ಆಗುವ ತನಕ. ಈಗ ಕೋಣೆಯ ಯಾವ ಮೂಲೆಗೆ ಕೈ ಹಾಕಿದರೂ ಬೇಕಾದ ವಿದ್ಯೆ ಸಿಗಬೇಕು. ಆ ತುಂಡುಗಳನ್ನೆಲ್ಲ ಸೇರಿಸಿ ಕಟ್ಟಿದಾಗ ಅವರೆಕಾಳಿನಂಥ ದೊಡ್ಡ ಗಂಟಾಯಿತು.

ಮಾರನೇ ದಿನ ಪೀಪಾಯಿ ಬಂದ. ಮೂತಿ ಚಾಚಿದ. ಮೆಟ್ಟಿ ಕೈಗೆ ಸಿಕ್ಕ ತುಂಡು ಓದಿದಳು. ಠಪ್ ಠಪ್ ಠಪ್! ಮೈಯೆಲ್ಲ ಮುಳ್ಳು ಸಿಡಿಯಿತು. ಪೀಪಾಯಿಯ ಮೂತಿ ಮುಳ್ಳು ಚುಚ್ಚಿಕೊಂಡು ಜಾಲಿಕಡ್ಡಿಯಾಯಿತು, ಅವನು ಓಡಿದ.

"ಚಿಟ್ಟಿ ಹೇಳಿ ಕಳಿಸಿದಳು!" ಅಂತ ಮೆಟ್ಟಿ ಅವನ ಬೆನ್ನಿಗೆ ಕೂಗಿದಳು.

ಏಳು ಬಿಸಿಲು ಕಳೆಯಿತು. ಎಲ್ಲರೂ ಅಳತೆಗಲ್ಲಿಗೆ ಹೋದರು. ಮೆಟ್ಟಿ ದೊಡ್ಡ ಗಂಟನ್ನು ಹೊಟ್ಟೆಯ ಹಿಂದೆ ಬಚ್ಚಿಟ್ಟು, ಸಣ್ಣ ಗಂಟನ್ನು ಬಿಚ್ಚಿ ತೋರಿಸಿದಳು. ಈ ತುದಿಯಿಂದ ಆ ತುದಿಗೆ ಇಡೀ ನೂಲು, ಲಾಲಿ ಸಮೇತ. ಅಮೀಬಯ್ಯ ನೋಡಿ ನೋಡಿ, "ಹ್ಞೂಂ, ಸರಿಯಿದೆ. ಈಗ ಬುದ್ಧಿ ಬಂತು," ಅಂದ.

"ಬಂತು ದೊಡ್ಡಪ್ಪ, ಎಂಟುನೂರು ಬಂತು," ಅಂದಳು ಮೆಟ್ಟಿ.

ದಿನ ಹೋಯಿತು. ಮೆಟ್ಟಿ ಇಬ್ಬಾಗವಾದಳು, ಮತ್ತೆ ಇಬ್ಬಾಗವಾದಳು. ಸಣ್ಣ ಗಂಟನ್ನು ಪ್ರತಿ ಸಲವೂ ಎಳೆ ಎಳೆ ಎಣಿಸಿ ಸಮನಾಗಿ ಹಂಚುವಳು. ದೊಡ್ಡ ಗಂಟನ್ನು ಮಾತ್ರ ಕೈಯಂದಾಜು. ಹಿಡಿದು ಎಳೆಯುವುದು, ಬಂದಷ್ಟು ನಿನಗೆ, ಉಳಿದಷ್ಟು ನನಗೆ. ಎಂಟುನೂರಿರುವಾಗ ನಾಲ್ಕು ಹೆಚ್ಚುಕಮ್ಮಿಯಾದರೆ ಯಾರು ಕೇಳುತ್ತಾರೆ?

ಅಲ್ಲೇ ಅವಳು ತಪ್ಪಿದ್ದು. ನಾಲ್ಕು ನಾಲ್ಕು ಅಂತ ಇನ್ನೂರು ಸಲ ಹೆಚ್ಚುಕಮ್ಮಿಯಾಯಿತು. ಒಂದು ದಿನ ಮೆಟ್ಟಿ ಈಜಲು ಹೊರಟರೆ ಮೈ ಮುಂದಕ್ಕೇ ಹೋಗಲಿಲ್ಲ. ನಿಂತಲ್ಲೇ ಬುಗುರಿಯ ಹಾಗೆ ಗಿರಗಿರ ಸುತ್ತಿತು. ತಿರುಗುವ ತುಂಡು ರಾಶಿ ಇತ್ತು, ಈಜುವ ತುಂಡು ಮುಗಿದುಹೋಗಿತ್ತು. ಅವಳಿಂದ ಹುಟ್ಟಿದ ತಂಗಿಯರದೂ ಅದೇ ಪಾಡು, ಮುಳ್ಳಿನ ತುಂಡಂತೂ ಅವರಲ್ಲಿ ಒಂದೂ ಉಳಿದಿರಲಿಲ್ಲ. ಕೆರೆತುಂಬ ಬುಗುರಿಗಳು.

ಇನ್ನು ಮುಚ್ಚಿಡುವುದು ಹೇಗೆ? ಏಳನೇ ಬಿಸಿಲಿಗೆ ಅಮೀಬಯ್ಯ ಸುತ್ತುತ್ತಿದ್ದ ಮೆಟ್ಟಿಯನ್ನು ತಡೆದು ನಿಲ್ಲಿಸಿದ. ಅವಳ ಹೊಟ್ಟೆಯ ಹಿಂದಿದ್ದ ದೊಡ್ಡ ಗಂಟು ಎಲ್ಲರ ಕಣ್ಣಿಗೂ ಬಿತ್ತು.

"ಕತ್ತರಿಸಿದ್ದೀಯಾ! ನೋಡಿ ಎಲ್ಲರೂ, ಕತ್ತರಿಸಿದವರ ಗತಿ ಇದು! ಕೆರೆಯಮ್ಮನ ಹಾಡು ಎಲ್ಲಿ?"

ಕೆರೆಯಮ್ಮನೂ ಅಲೆ ನಿಲ್ಲಿಸಿ ಕೇಳಿದಳು. "ಹೌದೇನೇ ಮೆಟ್ಟಿ? ನನ್ನ ಹಾಡು ಬಿಸಾಕಿದೆಯಾ?"

"ಇಲ್ಲಮ್ಮ. ಸಣ್ಣ ಗಂಟಿನಲ್ಲಿ ಒಂದು ಹ್ಞೂಂ ಕೂಡ ಬಿಡದೆ ಇಟ್ಟಿದ್ದೀನಿ. ಕೆಲಸದ ಹೊತ್ತಲ್ಲಿ ಮಾತ್ರ ಹಾಡಲ್ಲ." ಸುತ್ತುತ್ತಲೇ ಅಮೀಬಯ್ಯನ ಕಡೆ ತಿರುಗಿದಳು. "ದೊಡ್ಡಪ್ಪ, ದೊಡ್ಡ ಗಂಟು ಹಳಸಿದ್ದು ನಿಜ."

ಅನ್ನ ಅಕ್ಕಿ ಆಗಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದಿದ್ದರೆ ಮೆಟ್ಟಿ, "ಅನ್ನ ಹಳಸಿತು ಅಂತ ಅಕ್ಕಿ ಚೆಲ್ತಾರಾ?" ಅಂತ ಕೇಳಿಬಿಡುತ್ತಿದ್ದಳು.

"ಬಿಸಾಕು ಅದನ್ನ. ಬಿಸಾಕಿ ಒಣ ಮಣ್ಣಿಗೆ ನಡಿ," ಅಂದ ಅಮೀಬಯ್ಯ.

"ಬಿಸಾಕೋದ್ಯಾಕೆ, ದಂಡ."

ಮೆಟ್ಟಿ ಎಲ್ಲರೆದುರಿಗೆ ದೊಡ್ಡ ಗಂಟನ್ನು ಪರಪರ ಹರಿದಳು. ಹರಿದದ್ದನ್ನು ತಾನೇ ತಿಂದುಬಿಟ್ಟಳು! ಅವಳ ಕೂದಲು ಒಂದೊಂದಾಗಿ ನಿಧಾನವಾದವು. ಬುಗುರಿಯಂತೆ ಸುತ್ತುವುದಕ್ಕೂ ಈಗ ಶಕ್ತಿಯಿಲ್ಲ. ಕೋಣೆಯಲ್ಲಿ ಉಳಿದದ್ದು ಚುಕ್ಕೆಯಷ್ಟು ಸಣ್ಣ ಗಂಟು, ಒಂದೇ.

ಅದೇ ಹೊತ್ತಿಗೆ ಪೀಪಾಯಿ ಬಂದ.

ಅವನಿಗೆ ಈ ದಿನ ಚೆನ್ನಾಗಿ ಗೊತ್ತು. ಏಳನೇ ಬಿಸಿಲು ಅಂದರೆ ಚಪ್ಪಲಿ ಕುಲವೆಲ್ಲ ಒಂದೇ ಕಡೆ ಸೇರಿರುತ್ತದೆ. ಎಲ್ಲರ ಗಂಟೂ ಬಿಚ್ಚಿರುತ್ತದೆ. ಅವನನ್ನು ಕಂಡ ಕೂಡಲೇ ಚಪ್ಪಲಿಗಳೆಲ್ಲ ಎದ್ದು ಓಡಲು ನೋಡಿದರು. ಎಲ್ಲಿ ಓಡುವುದು? ಅವಳ ನೂಲು ಇವಳಿಗೆ ಸುತ್ತಿತು, ಇವಳ ನೂಲು ಅವಳಿಗೆ ಸಿಕ್ಕಿತು.

"ಓದಿ, ನೂಲು ಓದಿ! ಮುಳ್ಳಿನ ವಿದ್ಯೆ ಹುಡುಕಿ!" ಅಮೀಬಯ್ಯ ಹನ್ನೆರಡು ಕಾಲಿನ ಮೇಲೆ ನಿಂತು ಕೂಗಿದ.

"ಲಾಲಿ ಲಾಲಿ..." ಅಂತ ಅಳುತ್ತಾ ಓದಿದರು ಚಪ್ಪಲಿಗಳು. "ಹ್ಞೂಂ ಹ್ಞೂಂ..."

ಬಿಚ್ಚದ ಗಂಟು ಇದ್ದದ್ದು ಮೆಟ್ಟಿಯದೊಂದೇ. ಅವಳ ಸರದಿ ಇನ್ನೂ ಬಂದಿರಲಿಲ್ಲ. ಪೀಪಾಯಿ ಮೂತಿ ಚಾಚಿಕೊಂಡು ನೂಲಿನಲ್ಲಿ ಸಿಕ್ಕಿಬಿದ್ದ ಒಬ್ಬ ಪುಟ್ಟ ತಂಗಿಯ ಕಡೆ ಹೊರಟ. ಅವಳು, "ಅಕ್ಕ!" ಅಂತ ಕಿರುಚಿದಳು.

ಆ ಕೂಗನ್ನು ಮೆಟ್ಟಿ ಮೊದಲೇ ಒಂದು ಸಲ ಕೇಳಿದ್ದಳು.

ಕಲ್ಲಿನ ಮೇಲೆ ಬಿದ್ದಲ್ಲಿಂದಲೇ ಸಣ್ಣ ಗಂಟಿಗೆ ನಕಲು ಮಾಡಿದಳು. ಒಮ್ಮೆ ಕತ್ತರಿಸಿದವಳು, ಯಾವುದು ಎಲ್ಲಿದೆ ಅಂತ ಅವಳಿಗೆ ಬಾಯಿಪಾಠ. ಈಜುವುದು ಬಿಡು, ನುಂಗುವುದು ಬಿಡು. ಲಾಲಿಗಳಲ್ಲಿ ನೂರ ಹದಿನೇಳನೆಯದು ಮುಗಿದ ಮೇಲೆ, ಕಚ್! ಮುಳ್ಳಿನ ತುಂಡಿಗೆ ನಕಲು, ನಕಲಿಗೆ ನಕಲು...

"ಏಯ್ ಪೀಪಾಯಿ!" ಅಂದಳು. "ಚಿಟ್ಟಿಯ ಅಕ್ಕ ಇಲ್ಲಿದ್ದಾಳೆ ಕಣೋ!"

ಅವನು ತಿರುಗಿದ. ಬಿದ್ದುಕೊಂಡಿರುವ ಊಟ ಯಾರಿಗೆ ಬೇಡ? ಬಾಯಿ ತೆರೆದುಕೊಂಡೇ ಬಂದ. ಮೂತಿ ಮೈಗೆ ತಾಗುವ ತನಕ ಮೆಟ್ಟಿ ಸುಮ್ಮನಿದ್ದಳು.

ಠಪ್ ಠಪ್ ಠಪ್ ಠಪ್!

ಈ ಸಲ ಮುಳ್ಳು ಬಾಯೊಳಗೇ ಸಿಡಿಯಿತು. ಪೀಪಾಯಿ ಉರುಳಿದ, ಉರುಳುತ್ತಾ ಉರುಳುತ್ತಾ ಕೆರೆಯ ಆಚೆ ದಡ ಸೇರಿದ. ಅವತ್ತೇನು, ಅದಾಗಿ ಬಹಳ ದಿನ ಅವನು ಬಾಯಿ ಮುಚ್ಚಿರಲಿಲ್ಲ, ನೋವಿಗೆ.

ಮೆಟ್ಟಿ ಅವಸರವಿಲ್ಲದೆ ಉಳಿದ ತುಂಡುಗಳನ್ನೂ ಮಾಡಿಕೊಂಡಳು. ಈಜುವುದು ಎಂಟುನೂರು, ತಿರುಗುವುದು ಎಂಟುನೂರು. ಹೊಚ್ಚಹೊಸ ದೊಡ್ಡ ಗಂಟು ಕಟ್ಟಿದಳು. ಎದ್ದಳು, ಈಜಿದಳು, ನೇರ ಹೋಗಿ ಚೆಂದವಾಗಿ ತಿರುಗಿದಳು.

ಅಮೀಬಯ್ಯ ಹನ್ನೆರಡು ಕಾಲನ್ನೂ ಮೆಲ್ಲಗೆ ಒಳಗೆಳೆದುಕೊಂಡ. "ಆದ್ರೂ... ನಿಯಮ ನಿಯಮವೇ."

"ನಿಯಮಕ್ಕೆ ಸಣ್ಣ ಗಂಟಿದೆ ದೊಡ್ಡಪ್ಪ, ಯಾವಾಗ ಬೇಕಾದ್ರೂ ಅಳೆದುಕೊಳ್ಳಿ. ಪೀಪಾಯಿಗೆ ದೊಡ್ಡ ಗಂಟಿದೆ. ಇನ್ನು ಇದನ್ನ ಹೊಟ್ಟೆ ಹಿಂದೆ ಬಚ್ಚಿಡಲ್ಲ, ನಡುವಲ್ಲೇ ಇಟ್ಟುಕೊಳ್ತೀನಿ. ಹಳಸಿದಾಗ ತಿಂದು, ಹೊಸದು ಕಟ್ಟಿಕೊಳ್ತೀನಿ. ಒಣ ಮಣ್ಣಿಗೆ ನೂಕೋದಾದ್ರೆ ನೂಕಿ. ಮುಳ್ಳು ಇನ್ನೂ ಉಳಿದಿದೆ."

ಅಮೀಬಯ್ಯ ನೂಕಲು ಒಂದು ಕಾಲು ಚಾಚಿದ. ನೋಡಿದರೆ ಮೆಟ್ಟಿಯ ಹಿಂದೆ ಆ ಪುಟ್ಟ ತಂಗಿ ಬಂದು ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಇಡೀ ಚಪ್ಪಲಿ ಕುಲ, ಮೈಗೆಲ್ಲ ನೂಲು ಸುತ್ತಿಕೊಂಡೇ. ಆ ಕಡೆಯಿಂದ ಗಾಜಕ್ಕನೂ ಮುಚ್ಚಳ ಗಡಗಡಿಸುತ್ತಾ ಬಂದು, "ಚೂರು ಕೊಟ್ಟವಳು ನಾನೇ. ಬೇಕಿದ್ದವರಿಗೆ ಇನ್ನೂ ಇದೆ," ಅಂದಳು.

ಚಾಚಿದ ಕಾಲನ್ನು ಅಮೀಬಯ್ಯ ಹಾಗೇ ಒಳಗೆಳೆದುಕೊಂಡ. ತಾನು ಸೋತೆ ಅಂತ ಅವನು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಅವನ ಗಂಟು ಇವತ್ತಿಗೂ ಒಂದೇ.

ಕೆರೆಯಮ್ಮ ಮಾತ್ರ ಅವತ್ತು ನಕ್ಕಳು. ಅವಳು ನಕ್ಕಿದ್ದಕ್ಕೆ ದಡದ ತನಕ ಅಲೆ ಎದ್ದಿತು. ಆಮೇಲೆ ಗುನುಗತೊಡಗಿದಳು. ಆ ಹಾಡನ್ನು ಕೇಳಿ ಮೆಟ್ಟಿಯ ಸಣ್ಣ ಗಂಟು ಒಳಗೊಳಗೇ ತಲೆದೂಗಿತಂತೆ.

ಆ ನೂಲಿಗೆ ಈಗಿನವರು ಡಿಎನ್‌ಎ ಅಂತ ಹೆಸರಿಟ್ಟಿದ್ದಾರೆ, ಮೆಟ್ಟಿಯ ಕುಲಕ್ಕೆ ಪ್ಯಾರಾಮೀಸಿಯಮ್ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಹಸಿರುಗಟ್ಟಿದ ಕೆರೆಯ ಒಂದು ಹನಿ ನೀರು ತಂದು ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಂಟುಗಳಿಗೆ ಬಣ್ಣ ಹತ್ತುವ ಹಾಗೆ ಮೇಷ್ಟರು ಒಂದು ತೊಟ್ಟು ಮಸಿ ಹಾಕಿದರೆ, ಪುಟ್ಟ ಚಪ್ಪಲಿಯಂಥ ಜೀವಿಯ ನಡುವೆ ಅವರೆಕಾಳಿನಂಥ ದೊಡ್ಡ ಗಂಟೊಂದು ರಾಜಾರೋಷವಾಗಿ ಕೂತಿರುವುದೂ, ಅದರ ಪಕ್ಕಕ್ಕೆ ಒತ್ತಿಕೊಂಡು ಚುಕ್ಕೆಯಷ್ಟು ಸಣ್ಣ ಗಂಟೊಂದು ಕತ್ತರಿ ಕಾಣದೆ, ಒಂದು ಲಾಲಿಯನ್ನೂ ಬಿಟ್ಟುಕೊಡದೆ ಕಾದಿರುವುದೂ ನಮಗೆ ಕಾಣುವುದು ಮೆಟ್ಟಿ ಅವತ್ತು ಹಿಂದೆ ಸರಿಯದೆ ನಿಂತಿದ್ದಕ್ಕೇ.